ಪುಷ್ಪಕ ವಿಮಾನ (1987ರ ಚಲನಚಿತ್ರ)

ಈ ಲೇಖನವು 1987ರಲ್ಲಿ ತೆರೆಕಂಡ ಸಂಭಾಷಣೆಯಿಲ್ಲದ ಚಿತ್ರವನ್ನು ಕುರಿತದ್ದು. ರಮೇಶ್ ಅರವಿಂದ್ ಅಭಿನಯದ, ಇದೇ ಹೆಸರಿನ 2017ರ ಕನ್ನಡ ಚಿತ್ರವು ಬೇರೆಯದು.

ಪುಷ್ಪಕ ವಿಮಾನವು ಸಿಂಗೀತಂ ಶ್ರೀನಿವಾಸರಾವ್ ಅವರು ಕಥೆ, ಚಿತ್ರಕಥೆ ರಚಿಸಿ ನಿರ್ದೇಶಿಸಿದ ಹಾಸ್ಯಪ್ರಧಾನ ಚಲನಚಿತ್ರ. ಕನ್ನಡ ಚಿತ್ರನಟ ಶೃಂಗಾರ್ ನಾಗರಾಜ್ ಅವರು ನಿರ್ದೇಶಕರೊಡನೆ ಸೇರಿ ಇದನ್ನು ನಿರ್ಮಿಸಿದರು. ಕಮಲಹಾಸನ್ ಮತ್ತು ಅಮಲಾ ಮುಖ್ಯ ಪಾತ್ರಗಳಲ್ಲಿದ್ದಾರೆ. ಎಲ್. ವೈದ್ಯನಾಥನ್ ಸಂಗೀತವನ್ನೂ, ಬಿ. ಸಿ. ಗೌರಿಶಂಕರ್ ಛಾಯಾಗ್ರಹಣವನ್ನೂ, ಡಿ. ವಾಸು ಸಂಕಲನವನ್ನೂ ನಿರ್ವಹಿಸಿದ್ದಾರೆ. ಸುಮಾರು ಎರಡು ಗಂಟೆಗಳ ಅವಧಿಯ ಈ ಚಿತ್ರದಲ್ಲಿ ಯಾವ ಪಾತ್ರವೂ ಮಾತನಾಡುವುದಿಲ್ಲ. ಆದರೂ ಇದು ಮೂಕಿ ಚಿತ್ರವಲ್ಲ. ಬೀದಿಯ ಗದ್ದಲ, ವಾಹನಗಳ ಸದ್ದು, ಹಿನ್ನೆಲೆ ಸಂಗೀತ ಎಲ್ಲವೂ ಇದರಲ್ಲಿ ಕೇಳಿಸುತ್ತವೆ. ಮಾತು ಮಾತ್ರ ಇಲ್ಲ.

== ಹಿನ್ನೆಲೆ ==

ಭಾರತದಲ್ಲಿ ಕಥಾಚಿತ್ರಗಳ ಯುಗವು 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದೊಂದಿಗೆ ಆರಂಭವಾಯಿತು. 1931ರಲ್ಲಿ 'ಆಲಂ ಆರಾ' ತೆರೆಕಂಡಾಗ ಭಾರತೀಯ ಚಿತ್ರಕ್ಕೆ ಮಾತು ಬಂದಿತು. 1934ರಲ್ಲಿ 'ಸತಿ ಸುಲೋಚನಾ' ಬಿಡುಗಡೆಯೊಂದಿಗೆ ಕನ್ನಡ ವಾಕ್ಚಿತ್ರ ಪರಂಪರೆ ಮೊದಲಾಯಿತು. ಮೂಕಿ ಚಿತ್ರಗಳಲ್ಲಿ ಮಾತಿಲ್ಲದಿದ್ದುದು ಆ ಕಾಲದ ಯಂತ್ರಗಳ ಮಿತಿ. ಚಿತ್ರದೊಡನೆ ಧ್ವನಿಯನ್ನು ಕೂಡಿಸಿ ತೋರಿಸುವ ಅನುಕೂಲ ಆಗಿನ ಚಿತ್ರಮಂದಿರಗಳಿಗೆ ಇರಲಿಲ್ಲ. ಆದುದರಿಂದ ಪಾತ್ರಗಳ ಮಾತನ್ನು ನಡುನಡುವೆ ಅಕ್ಷರಪಟಗಳಲ್ಲಿ ಬರೆದು ತೋರಿಸುತ್ತಿದ್ದರು.

ಚಾರ್ಲಿ ಚಾಪ್ಲಿನ್ ಅವರ 'ದಿ ಇಮಿಗ್ರಂಟ್' (1917), ಬಸ್ಟರ್ ಕೀಟನ್ ಅವರ 'ಒನ್ ವೀಕ್' (1920) ಮುಂತಾದ ಹಾಸ್ಯ ಕಿರುಚಿತ್ರಗಳು ಈ ಮಿತಿಯೊಳಗೇ ಬೆಳೆದವು. ಅವು ಸಾಮಾನ್ಯವಾಗಿ ಎರಡು ರೀಲುಗಳ, ಇಪ್ಪತ್ತು ಇಪ್ಪತ್ತೈದು ನಿಮಿಷಗಳ ಚಿತ್ರಗಳು. ವಾಕ್ಚಿತ್ರಗಳು ಬಂದ ಮೇಲೆಯೂ ಚಾಪ್ಲಿನ್ 'ಸಿಟಿ ಲೈಟ್ಸ್' (1931) ಮತ್ತು 'ಮಾಡರ್ನ್ ಟೈಮ್ಸ್' (1936) ಚಿತ್ರಗಳಲ್ಲಿ ಬಹುಮಟ್ಟಿಗೆ ಮೂಕಾಭಿನಯವನ್ನೇ ಉಳಿಸಿಕೊಂಡರು. ಪುಷ್ಪಕ ವಿಮಾನವು ಈ ಪರಂಪರೆಗೆ ಹತ್ತಿರದ್ದು. ಆದರೆ ಭಾರತದಲ್ಲಿ ವಾಕ್ಚಿತ್ರ ಬಂದು 56 ವರ್ಷಗಳು ಕಳೆದ ಮೇಲೆ, ಹಾಡು ಮತ್ತು ಸಂಭಾಷಣೆಗಳೇ ಜೀವಾಳವೆಂದು ನಂಬಿದ್ದ ಚಿತ್ರರಂಗದಲ್ಲಿ ಇದು ತಯಾರಾಯಿತು. ಇಲ್ಲಿ ಮೌನವು ಅನಿವಾರ್ಯವಾಗಿರಲಿಲ್ಲ, ಆರಿಸಿಕೊಂಡದ್ದಾಗಿತ್ತು.

== ಕಥಾವಸ್ತು ==

ನಾಯಕನು ಪದವಿ ಪಡೆದೂ ಕೆಲಸ ಸಿಗದ ಯುವಕ. ಹಳೆಯ ವಸತಿಗೃಹವೊಂದರ ಪುಟ್ಟ ಕೋಣೆಯಲ್ಲಿ ಅವನ ವಾಸ. ಕೆಲಸಕ್ಕಾಗಿ ಸರದಿಯ ಸಾಲಿನಲ್ಲಿ ನಿಲ್ಲುವುದು, ಬರಿಗೈಯಲ್ಲಿ ಮರಳುವುದು ಅವನ ದಿನಚರಿ. ಒಂದು ರಾತ್ರಿ, ಕುಡಿದು ಬೀದಿಯಲ್ಲಿ ಬಿದ್ದಿರುವ ಸಿರಿವಂತನೊಬ್ಬನು ಅವನ ಕಣ್ಣಿಗೆ ಬೀಳುತ್ತಾನೆ. ಆ ಸಿರಿವಂತನು 'ಪುಷ್ಪಕ' ಎಂಬ ಐಷಾರಾಮಿ ಹೋಟೆಲಿನಲ್ಲಿ ತಂಗಿದವನು. ಯುವಕನು ಅವನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಕೋಣೆಯ ಕೀಲಿಯನ್ನು ತೆಗೆದುಕೊಂಡು ಹೋಟೆಲಿಗೆ ಹೋಗಿ, ಅವನ ಸ್ಥಾನದಲ್ಲಿ ಸುಖವಾಗಿ ಬಾಳತೊಡಗುತ್ತಾನೆ. ಅಲ್ಲಿ ಜಾದೂಗಾರನೊಬ್ಬನ ಮಗಳ ಪರಿಚಯವಾಗಿ, ಅದು ಪ್ರೇಮಕ್ಕೆ ತಿರುಗುತ್ತದೆ.

ಇತ್ತ ಸಿರಿವಂತನ ಹೆಂಡತಿಯ ಪ್ರಿಯಕರನು ಅವನನ್ನು ಕೊಲ್ಲಿಸಲು ಬಾಡಿಗೆ ಹಂತಕನನ್ನು ಕಳುಹಿಸುತ್ತಾನೆ. ಹಂತಕನು ಆ ಕೋಣೆಯಲ್ಲಿರುವ ಯುವಕನನ್ನೇ ಸಿರಿವಂತನೆಂದು ಭಾವಿಸುತ್ತಾನೆ. ಅವನ ಆಯುಧ ಮಂಜುಗಡ್ಡೆಯ ಕಠಾರಿ. ಇರಿದ ಮೇಲೆ ಕರಗಿಹೋಗುವುದರಿಂದ ಸಾಕ್ಷ್ಯ ಉಳಿಯದು. ಆದರೆ ಅದೇ ಕಾರಣಕ್ಕೆ ಅದು ಬೇಕಾದ ಗಳಿಗೆಯಲ್ಲಿ ಕೈಕೊಡುವ ಆಯುಧವೂ ಹೌದು. ಚಿತ್ರದ ಹಾಸ್ಯದ ದೊಡ್ಡ ಪಾಲು ಇದರಿಂದಲೇ ಹುಟ್ಟುತ್ತದೆ.

ಬೀದಿಯ ಭಿಕ್ಷುಕನ ಪ್ರಸಂಗವು ಕಥೆಗೆ ಇನ್ನೊಂದು ದಿಕ್ಕನ್ನು ಕೊಡುತ್ತದೆ. ಆರಂಭದಲ್ಲಿ ನಾಯಕನು ತನ್ನಲ್ಲಿರುವ ಅಲ್ಪ ಹಣವನ್ನು ತೋರಿಸಿ ಭಿಕ್ಷುಕನೆದುರು ಬೀಗಲು ಹೋಗಿ, ಅವನ ಬಳಿ ತನಗಿಂತ ಹೆಚ್ಚು ಹಣವಿರುವುದನ್ನು ಕಂಡು ಪೆಚ್ಚಾಗುತ್ತಾನೆ. ಮುಂದೆ ಆ ಭಿಕ್ಷುಕನು ಸತ್ತಾಗ ಜನರು ಶವವನ್ನು ಗಮನಿಸದೆ ಅವನ ಹಣಕ್ಕಾಗಿ ಮುಗಿಬೀಳುತ್ತಾರೆ. ಆ ನೋಟವು ನಾಯಕನ ಮನಸ್ಸನ್ನು ಕಲಕುತ್ತದೆ. ಕೊನೆಗೆ ಅವನು ಸಿರಿವಂತನನ್ನು ಬಿಡುಗಡೆ ಮಾಡಿ, ಎರವಲು ಬಾಳನ್ನು ತೊರೆಯುತ್ತಾನೆ. ಊರು ಬಿಟ್ಟು ಹೊರಟ ನಾಯಕಿಯು ಗುಲಾಬಿಯೊಂದಿಗೆ ಒಂದು ಚೀಟಿಯನ್ನು ಅವನಿಗೆ ಕೊಟ್ಟುಹೋಗುತ್ತಾಳೆ. ಚೀಟಿಯು ಗಾಳಿಗೆ ಹಾರಿ ಚರಂಡಿಯ ಪಾಲಾಗುತ್ತದೆ. ಹೂವು ಮಾತ್ರ ಕೈಯಲ್ಲಿ ಉಳಿಯುತ್ತದೆ. ಅವನು ಮತ್ತೆ ಕೆಲಸ ಹುಡುಕುವವರ ಸಾಲಿನಲ್ಲಿ ನಿಲ್ಲುತ್ತಾನೆ.

== ಪಾತ್ರವರ್ಗ ==

* ಕಮಲಹಾಸನ್ – ನಿರುದ್ಯೋಗಿ ಯುವಕ
* ಅಮಲಾ – ಜಾದೂಗಾರನ ಮಗಳು
* ಸಮೀರ್ ಖಖ್ಖರ್ – ಸಿರಿವಂತ
* ಟೀನು ಆನಂದ್ – ಬಾಡಿಗೆ ಹಂತಕ
* ಕೆ. ಎಸ್. ರಮೇಶ್ – ಜಾದೂಗಾರ
* ಫರೀದಾ ಜಲಾಲ್ – ಜಾದೂಗಾರನ ಪತ್ನಿ
* ಪ್ರತಾಪ್ ಪೋತನ್ – ಸಿರಿವಂತನ ಹೆಂಡತಿಯ ಪ್ರಿಯಕರ
* ಪಿ. ಎಲ್. ನಾರಾಯಣ – ಭಿಕ್ಷುಕ

ಚಿತ್ರದಲ್ಲಿ ಪಾತ್ರಗಳನ್ನು ಹೆಸರು ಹಿಡಿದು ಕರೆಯುವ ಸಂದರ್ಭವೇ ಬರುವುದಿಲ್ಲವಾದ್ದರಿಂದ ಅವುಗಳನ್ನು ವೃತ್ತಿ ಅಥವಾ ಸಂಬಂಧದಿಂದಲೇ ಗುರುತಿಸುವುದು ವಾಡಿಕೆ.

== ನಿರ್ಮಾಣ ==

=== ಕಲ್ಪನೆ ===

ಸಿಂಗೀತಂ ಶ್ರೀನಿವಾಸರಾವ್ ಅವರು ಪ್ರಸಿದ್ಧ ತೆಲುಗು ನಿರ್ದೇಶಕ ಕೆ. ವಿ. ರೆಡ್ಡಿಯವರ ಗರಡಿಯಲ್ಲಿ ಪಳಗಿದವರು. 1957ರ 'ಮಾಯಾಬಜಾರ್' ಚಿತ್ರಕ್ಕೂ ಕೆಲಸ ಮಾಡಿದ್ದರು. ಆ ದಿನಗಳಲ್ಲಿ ಮಾತಿಲ್ಲದೆ ಭಾವವನ್ನು ತೋರಿಸಬೇಕಾದ ದೃಶ್ಯವೊಂದನ್ನು ಕಂಡಾಗ, ಇಡೀ ಚಿತ್ರವನ್ನೇ ಹೀಗೆ ಏಕೆ ಮಾಡಬಾರದೆಂಬ ವಿಚಾರ ಮೂಡಿತೆಂದು ಅವರು ಹೇಳಿಕೊಂಡಿದ್ದಾರೆ. ಕನ್ನಡ ಪ್ರೇಕ್ಷಕರಿಗೆ ಅವರು ಅಷ್ಟರಲ್ಲಾಗಲೇ 'ಹಾಲು ಜೇನು' ಮತ್ತು 'ಚಲಿಸುವ ಮೋಡಗಳು' (1982), 'ಎರಡು ನಕ್ಷತ್ರಗಳು' (1983), 'ಶ್ರಾವಣ ಬಂತು' (1984) ಮುಂತಾದ ರಾಜ್‌ಕುಮಾರ್ ಚಿತ್ರಗಳಿಂದ ಪರಿಚಿತರಾಗಿದ್ದರು. ಆ ಚಿತ್ರಗಳ ಯಶಸ್ಸಿನಲ್ಲಿ ಹಾಡು ಮತ್ತು ಮಾತಿನ ಪಾಲು ದೊಡ್ಡದು. ಅಂಥ ನಿರ್ದೇಶಕರು ಎರಡನ್ನೂ ಬಿಟ್ಟುಕೊಟ್ಟು ಚಿತ್ರ ಮಾಡಹೊರಟಾಗ ಹಣ ಹೂಡುವವರು ಸುಲಭವಾಗಿ ಸಿಗಲಿಲ್ಲ. ಶೃಂಗಾರ್ ನಾಗರಾಜ್ ಮುಂದೆ ಬಂದ ಮೇಲೆ ಚಿತ್ರವು ಕೈಗೂಡಿತು.

=== ಚಿತ್ರೀಕರಣ ===

ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಕಥೆಯ 'ಪುಷ್ಪಕ' ಹೋಟೆಲಾಗಿ ಕಾಣಿಸುವುದು ನಗರದ ವಿಂಡ್ಸರ್ ಮ್ಯಾನರ್ ಹೋಟೆಲು. ರಾಮಾಯಣದಲ್ಲಿ ಪುಷ್ಪಕ ವಿಮಾನವು ಮೊದಲು ಕುಬೇರನದು. ರಾವಣನು ಅದನ್ನು ಕಸಿದುಕೊಂಡನು. ರಾವಣನ ವಧೆಯ ಬಳಿಕ ರಾಮನು ಅದರಲ್ಲಿ ಅಯೋಧ್ಯೆಗೆ ಮರಳಿದನು. ಪರರ ವೈಭವವನ್ನು ಕಸಿದುಕೊಂಡು ಕೆಲದಿನ ಏರಿ ಮೆರೆಯುವ ಕಥೆಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ನಟವರ್ಗವನ್ನು ಹಲವು ಭಾಷೆಗಳ ಚಿತ್ರರಂಗಗಳಿಂದ ಆರಿಸಲಾಯಿತು. ಸಮೀರ್ ಖಖ್ಖರ್ ಅವರು ದೂರದರ್ಶನದ 'ನುಕ್ಕಡ್' ಧಾರಾವಾಹಿಯ ಕುಡುಕ 'ಖೋಪ್ಡಿ'ಯಾಗಿ ದೇಶದಾದ್ಯಂತ ಹೆಸರಾಗಿದ್ದರು. ಟೀನು ಆನಂದ್ ಹಿಂದಿ ಚಿತ್ರಗಳ ನಿರ್ದೇಶಕರು. ಸಂಭಾಷಣೆ ಇಲ್ಲದ್ದರಿಂದ ಉಚ್ಚಾರಣೆಯ ತೊಡಕಾಗಲಿ, ಕಂಠದಾನದ ಅಗತ್ಯವಾಗಲಿ ಬರಲಿಲ್ಲ.

=== ಶಬ್ದ ಮತ್ತು ಸಂಗೀತ ===

ಮಾತಿಲ್ಲದಿರುವುದು ಕೃತಕವಾಗಿ ಕಾಣದಂತೆ ದೃಶ್ಯಗಳನ್ನು ಹೆಣೆದಿರುವುದು ಚಿತ್ರದ ಮುಖ್ಯ ಕುಶಲತೆ. ನಾಯಕ ನಾಯಕಿಯರು ದೂರದಿಂದ ಕಣ್ಣುಸನ್ನೆ, ಕೈಸನ್ನೆಗಳಲ್ಲಿ ವ್ಯವಹರಿಸುತ್ತಾರೆ. ಹಂತಕನಿಗೆ ಗುಟ್ಟಾಗಿರುವುದೇ ಕಸುಬು. ಕಟ್ಟಿಹಾಕಿದ ಸಿರಿವಂತನಿಗೆ ಬಾಯಿ ತೆರೆಯುವ ಅವಕಾಶವಿಲ್ಲ. ಮಾತನಾಡದಿರಲು ಬಹುತೇಕ ಎಲ್ಲರಿಗೂ ಕಥೆಯೊಳಗೇ ಒಂದು ಕಾರಣವಿದೆ.

ಶಬ್ದವೇ ಕಥೆಯನ್ನು ನಡೆಸುವ ಸಂದರ್ಭವೂ ಉಂಟು. ನಾಯಕನ ಹಳೆಯ ಕೋಣೆಯು ಚಿತ್ರಮಂದಿರದ ಪಕ್ಕದಲ್ಲಿದ್ದು, ರಾತ್ರಿಯ ಆಟದ ಹೊಡೆದಾಟದ ಸದ್ದಿನ ನಡುವೆಯೇ ಮಲಗಿ ಅವನಿಗೆ ರೂಢಿಯಾಗಿರುತ್ತದೆ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ, ನಿಶ್ಶಬ್ದದಲ್ಲಿ ಅವನಿಗೆ ನಿದ್ರೆ ಹತ್ತುವುದಿಲ್ಲ. ಕಡೆಗೆ ಆ ಸದ್ದನ್ನು ಟೇಪ್ ರೆಕಾರ್ಡರಿನಲ್ಲಿ ಧ್ವನಿಮುದ್ರಿಸಿ ತಂದು, ಅದನ್ನು ಹಾಕಿಕೊಂಡು ನಿದ್ರೆ ಮಾಡುತ್ತಾನೆ. ಈ ಪ್ರಸಂಗವನ್ನು ಮೂಕಿ ಚಿತ್ರದಲ್ಲಿ ತೆಗೆಯಲು ಸಾಧ್ಯವೇ ಇಲ್ಲ. ಏಕೆಂದರೆ ಗದ್ದಲ ಮತ್ತು ನಿಶ್ಶಬ್ದಗಳ ವ್ಯತ್ಯಾಸವು ಪ್ರೇಕ್ಷಕನ ಕಿವಿಗೂ ತಿಳಿಯಬೇಕು.

ಸಂಗೀತ ನಿರ್ದೇಶಕ ಎಲ್. ವೈದ್ಯನಾಥನ್ ಅವರು ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಸಂಗೀತದಿಂದ ಕನ್ನಡಿಗರಿಗೆ ಚಿರಪರಿಚಿತರು.

== ಬಿಡುಗಡೆ ಮತ್ತು ಭಾಷೆಯ ಪ್ರಶ್ನೆ ==

ಕರ್ನಾಟಕದಲ್ಲಿ ಚಿತ್ರವು 1987ರ ನವೆಂಬರ್ ತಿಂಗಳಲ್ಲಿ 'ಪುಷ್ಪಕ ವಿಮಾನ' ಎಂಬ ಹೆಸರಿನಲ್ಲಿ ತೆರೆಕಂಡಿತು. ತೆಲುಗಿನಲ್ಲಿ 'ಪುಷ್ಪಕ ವಿಮಾನಮು', ತಮಿಳಿನಲ್ಲಿ 'ಪೇಸುಂ ಪಡಂ', ಹಿಂದಿಯಲ್ಲಿ 'ಪುಷ್ಪಕ್', ಮಲಯಾಳದಲ್ಲಿ 'ಪುಷ್ಪಕವಿಮಾನಂ' ಎಂಬ ಹೆಸರುಗಳು ಬಂದವು. ತಮಿಳು ಹೆಸರಿನ ಅರ್ಥ 'ಮಾತನಾಡುವ ಚಿತ್ರ' ಎಂದು. ಮಾತಿಲ್ಲದ ಚಿತ್ರಕ್ಕೆ ಆ ಹೆಸರಿಟ್ಟುದರಲ್ಲಿ ಹಾಸ್ಯವೂ ಇದೆ, ಹೆಮ್ಮೆಯೂ ಇದೆ.

ಒಂದೂ ಕನ್ನಡ ಮಾತಿಲ್ಲದ ಚಿತ್ರವನ್ನು ಕನ್ನಡ ಚಿತ್ರವೆನ್ನಬಹುದೇ ಎಂಬ ಪ್ರಶ್ನೆ ಸಹಜ. ನಿರ್ದೇಶಕರು ತೆಲುಗಿನವರು, ನಾಯಕನಟ ತಮಿಳಿನವರು. ನಿರ್ಮಾಪಕರಲ್ಲೊಬ್ಬರು ಮತ್ತು ಛಾಯಾಗ್ರಾಹಕರು ಕನ್ನಡ ಚಿತ್ರರಂಗದವರು, ಚಿತ್ರೀಕರಣದ ನೆಲ ಬೆಂಗಳೂರು. ಪ್ರಶಸ್ತಿಗಳ ಅಧಿಕೃತ ಪಟ್ಟಿಗಳಲ್ಲಿ ಇದು ಕನ್ನಡ ಚಿತ್ರವೆಂದೇ ದಾಖಲಾಗಿದೆ. ಚಿತ್ರದ ಭಾಷೆಯನ್ನು ಸಂಭಾಷಣೆಯಿಂದ ನಿರ್ಧರಿಸುವ ರೂಢಿಗೆ ಇದು ಒಂದು ಅಪವಾದ. ಇಲ್ಲಿ ಚಿತ್ರವನ್ನು ಮಾಡಿದ ನೆಲವೂ ಜನರೂ ಅದರ ಗುರುತನ್ನು ತೀರ್ಮಾನಿಸಿದಂತಾಯಿತು.

== ಮನೆಯ ಪರದೆಯಲ್ಲಿ ==

ಚಿತ್ರವು ತೆರೆಕಂಡ ಕಾಲವು ವಿಡಿಯೊ ಕ್ಯಾಸೆಟ್‌ಗಳ ಕಾಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬಳಿಕ ಬಣ್ಣದ ದೂರದರ್ಶನ ಯಂತ್ರಗಳು ಹರಡಿ, ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಊರೂರಲ್ಲಿ ಹುಟ್ಟಿದ್ದವು. ಮುಂದೆ ವಿ.ಸಿ.ಡಿ., ಡಿ.ವಿ.ಡಿ. ಮತ್ತು ಅಂತರಜಾಲದ ವಿಡಿಯೊ ತಾಣಗಳು ಬಂದವು. ಪುಷ್ಪಕ ವಿಮಾನವು ಬೇರೆಬೇರೆ ಶೀರ್ಷಿಕೆಗಳಡಿ ಮನೆಯ ವೀಕ್ಷಕರನ್ನು ತಲುಪಿತು. ಹಿಂದಿಯ 'ಪುಷ್ಪಕ್' ಅಥವಾ ತಮಿಳಿನ 'ಪೇಸುಂ ಪಡಂ' ಎಂಬ ಹೆಸರಿನ ಪ್ರತಿ ಸಿಕ್ಕರೆ ಅದು ಕನ್ನಡ ಚಿತ್ರದ ಡಬ್ಬಿಂಗ್ ಅಥವಾ ಮರುನಿರ್ಮಾಣವಲ್ಲ, ಇದೇ ಚಿತ್ರವೆಂದು ವಿದ್ಯಾರ್ಥಿಗಳು ಗಮನಿಸಬೇಕು. ಉಪಶೀರ್ಷಿಕೆಗಳು ಬೇಕಾಗುವುದಿಲ್ಲ.

ಮನೆಯ ಪ್ರತಿಗಳ ಅವಧಿಯು ಒಂದೊಂದರಲ್ಲಿ ಒಂದೊಂದು ಬಗೆಯಾಗಿ ನಮೂದಾಗುವುದಕ್ಕೆ ತಾಂತ್ರಿಕ ಕಾರಣವೂ ಇರುತ್ತದೆ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಭಾರತದ ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25. ಚೌಕಟ್ಟುಗಳನ್ನು ಹಾಗೆಯೇ ವರ್ಗಾಯಿಸಿದರೆ ಚಿತ್ರವು ಶೇಕಡಾ 4ರಷ್ಟು ವೇಗವಾಗಿ ಓಡಿ, ಎರಡು ಗಂಟೆಯ ಚಿತ್ರವು ಐದು ನಿಮಿಷದಷ್ಟು ಬೇಗ ಮುಗಿಯುತ್ತದೆ; ಸಂಗೀತದ ಶ್ರುತಿಯೂ ಕೊಂಚ ಏರುತ್ತದೆ. ಒಂದು ವಿ.ಸಿ.ಡಿ.ಯಲ್ಲಿ ಸುಮಾರು 74ರಿಂದ 80 ನಿಮಿಷಗಳ ಚಿತ್ರವಷ್ಟೇ ಹಿಡಿಯುವುದರಿಂದ ಈ ಅವಧಿಯ ಚಿತ್ರಕ್ಕೆ ಎರಡು ತಟ್ಟೆಗಳು ಬೇಕು.

ಹಳೆಯ ಮೂಕಿ ಹಾಸ್ಯಚಿತ್ರಗಳಲ್ಲಿ ಈ ತೊಡಕು ಇನ್ನೂ ದೊಡ್ಡದು. ಕೈಯಿಂದ ತಿರುಗಿಸುವ ಕ್ಯಾಮೆರಾಗಳಲ್ಲಿ ವೇಗವು ಒಂದೇ ತೆರನಾಗಿರಲಿಲ್ಲ. ನಿಧಾನಗತಿಯಲ್ಲಿ ತೆಗೆದ ಚಿತ್ರವನ್ನು 24 ಚೌಕಟ್ಟುಗಳ ವೇಗದಲ್ಲಿ ಓಡಿಸಿದಾಗ ನಟರು ಗಡಿಬಿಡಿಯಿಂದ ಓಡಾಡುವಂತೆ ಕಾಣುತ್ತಾರೆ. ಅಕ್ಷರಪಟಗಳನ್ನು ಆಯಾ ಭಾಷೆಗೆ ಬದಲಿಸಬೇಕಾಗುತ್ತದೆ. ಪುಷ್ಪಕ ವಿಮಾನಕ್ಕೆ ಇವೆರಡರ ಕಾಟವಿಲ್ಲ. ಆದರೆ ಇದಕ್ಕೆ ಬೇರೊಂದು ಅಪಾಯವಿದೆ: ಮಾತಿಲ್ಲದ ಚಿತ್ರವೆಂದು ಧ್ವನಿಯನ್ನು ತಗ್ಗಿಸಿ ನೋಡಿದರೆ ಟೇಪ್ ರೆಕಾರ್ಡರಿನ ಪ್ರಸಂಗದಂಥ ಹಾಸ್ಯವು ಕೈತಪ್ಪುತ್ತದೆ. ಚಿತ್ರದ ಅಂಚುಗಳನ್ನು ಕತ್ತರಿಸಿದ ಪ್ರತಿಗಳಲ್ಲಿ, ಅಂಚಿನಲ್ಲಿ ನಡೆಯುವ ಸನ್ನೆಯೊಂದು ತಪ್ಪಿದರೂ ಅದನ್ನು ತುಂಬಿಕೊಡಲು ಸಂಭಾಷಣೆಯಿಲ್ಲ.

== ಪ್ರಶಸ್ತಿಗಳು ==

* 35ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ – ಸದಭಿರುಚಿಯ ಮನರಂಜನೆ ನೀಡುವ ಅತ್ಯುತ್ತಮ ಜನಪ್ರಿಯ ಚಿತ್ರ
* ಫಿಲಂಫೇರ್ ದಕ್ಷಿಣ ಪ್ರಶಸ್ತಿ – ಅತ್ಯುತ್ತಮ ಕನ್ನಡ ಚಿತ್ರ
* ಫಿಲಂಫೇರ್ ದಕ್ಷಿಣ ಪ್ರಶಸ್ತಿ – ಅತ್ಯುತ್ತಮ ನಿರ್ದೇಶಕ (ಕನ್ನಡ): ಸಿಂಗೀತಂ ಶ್ರೀನಿವಾಸರಾವ್
* ಫಿಲಂಫೇರ್ ದಕ್ಷಿಣ ಪ್ರಶಸ್ತಿ – ಅತ್ಯುತ್ತಮ ನಟ (ಕನ್ನಡ): ಕಮಲಹಾಸನ್

== ನಂತರದ ದಿನಗಳು ==

ಸಿಂಗೀತಂ ಮತ್ತು ಕಮಲಹಾಸನ್ ಜೋಡಿಯು ಮುಂದೆ 'ಅಪೂರ್ವ ಸಹೋದರರ್ಗಳ್' (1989) ಮತ್ತು 'ಮೈಕೆಲ್ ಮದನ ಕಾಮರಾಜನ್' (1990) ಎಂಬ ತಮಿಳು ಚಿತ್ರಗಳನ್ನು ನೀಡಿತು. ಎರಡನೆಯದು ಮಾತಿನ ಚಮತ್ಕಾರಕ್ಕೇ ಹೆಸರಾದ ಹಾಸ್ಯಚಿತ್ರ. ಛಾಯಾಗ್ರಾಹಕ ಗೌರಿಶಂಕರ್ ಅವರು ನಿರ್ದೇಶಕರಾಗಿಯೂ ಕೆಲಸ ಮಾಡಿದರು; 1995ರ 'ಓಂ' ಚಿತ್ರದ ಛಾಯಾಗ್ರಹಣವೂ ಅವರದೇ.