ಈಸ್ಟರ್ ಲಾಂಗ್ ವೀಕೆಂಡ್: ನಮ್ಮ ಟ್ರಿಪ್‌ಗೆ ರಜೆ ಕೊಟ್ಟವರು ಯಾರು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ? ಆರಾಮಾಗಿ ಕೇಳಿ. ಇವತ್ತಿನ ಎಪಿಸೋಡ್ ಹುಟ್ಟಿದ್ದು ನಮ್ಮನೆ ವಾಟ್ಸಾಪ್ ಗ್ರೂಪಲ್ಲಿ.

ನಮ್ಮ ಚಿಕ್ಕಪ್ಪನ ಮಗಳು ಒಂದು ಮೆಸೇಜ್ ಹಾಕಿದ್ಳು. "ಗುಡ್ ಫ್ರೈಡೇ, ಶನಿವಾರ, ಭಾನುವಾರ. ಮೂರು ದಿನ ರಜೆ. ಎಲ್ಲರೂ ಸೇರಿ ಎಲ್ಲಿಗಾದ್ರೂ ಹೋಗೋಣ." ಐದೇ ನಿಮಿಷಕ್ಕೆ ಮಡಿಕೇರಿನಾ, ಚಿಕ್ಕಮಗಳೂರಾ, ಗೋಕರ್ಣನಾ ಅಂತ ಜಗಳ ಶುರು. ಅಪ್ಪ ಮಾತ್ರ ಒಂದು ವಾಯ್ಸ್ ನೋಟ್ ಕಳಿಸಿದ್ರು. "ಗುಡ್ ಫ್ರೈಡೇಗೆ ಟ್ರಿಪ್ ಹೋಗ್ಬಹುದು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ ಕಣ್ರೋ. ನಂಗೆ ಆವತ್ತು ಯಾವಾಗ್ಲೂ ಡ್ಯೂಟಿನೇ."

ನಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ರಿಟೈರ್ ಆಗಿ ಎರಡು ವರ್ಷ ಆಯ್ತು. ಬೆಂಗಳೂರಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು, ಇದು ಅವರ ರೂಟು. ಈಸ್ಟರ್ ಹಿಂದಿನ ಗುರುವಾರ ರಾತ್ರಿ ಎಕ್ಸ್‌ಟ್ರಾ ಬಸ್ ಬಿಡ್ತಾರೆ. ಬೆಂಗಳೂರಲ್ಲಿ ಕೆಲಸ ಮಾಡೋ ಕರಾವಳಿಯ ಕ್ರೈಸ್ತ ಕುಟುಂಬಗಳು ಊರಿಗೆ ಹೊರಡೋ ದಿನ ಅದು. ಭಾನುವಾರ ರಾತ್ರಿ ಅದೇ ಜನ ಕುಚ್ಚಲಕ್ಕಿ ಚೀಲ, ಹಲಸಿನ ಹಣ್ಣು ಹೊತ್ಕೊಂಡು ವಾಪಸ್ ಬರ್ತಿದ್ರು. ಅವರೆಲ್ಲ ಮನೆಗೆ ಹೋಗಿ ಬರ್ಲಿ ಅಂತ ನಮ್ಮಪ್ಪ ಆ ಮೂರು ದಿನ ನಮ್ಮನೇಲಿ ಇರ್ತಿರ್ಲಿಲ್ಲ.

ಆ ವಾಯ್ಸ್ ನೋಟ್ ಕೇಳಿದ ಮೇಲೆ ನನ್ನ ತಲೇಲಿ ಒಂದು ಪ್ರಶ್ನೆ ಕೂತ್ಕೊಂಡ್ತು. ಒಂದೇ ದಿನ ಎಲ್ಲರಿಗೂ ಒಟ್ಟಿಗೆ ರಜೆ ಅನ್ನೋ ಐಡಿಯಾ ಬಂದದ್ದು ಎಲ್ಲಿಂದ? ಆ "ಎಲ್ಲರೂ" ಅಂದ್ರೆ ನಿಜವಾಗ್ಲೂ ಎಲ್ಲರಾ?

ಪ್ರತಿ ವರ್ಷ ಡೇಟ್ ಯಾಕೆ ಬದಲಾಗುತ್ತೆ?

ಮೊದಲು ಕ್ಯಾಲೆಂಡರ್ ವಿಷಯ ಮುಗಿಸಿಬಿಡೋಣ. ಗುಡ್ ಫ್ರೈಡೇ 2024ರಲ್ಲಿ ಮಾರ್ಚ್ 29ಕ್ಕೆ ಬಂತು, 2025ರಲ್ಲಿ ಏಪ್ರಿಲ್ 18ಕ್ಕೆ, 2026ರಲ್ಲಿ ಏಪ್ರಿಲ್ 3ಕ್ಕೆ. ನಮ್ಮ ಯುಗಾದಿ ಥರಾನೇ ಇದೂ ಚಂದ್ರನ ಲೆಕ್ಕ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರೋ, ಚರ್ಚಿನ ಲೆಕ್ಕದ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿ ಬೇಕಾದ್ರೂ ಬೀಳಬಹುದು.

ಇದರಿಂದ ಬೇಸತ್ತ ಬ್ರಿಟಿಷ್ ಪಾರ್ಲಿಮೆಂಟು 1928ರಲ್ಲಿ ಒಂದು ಕಾಯ್ದೆಯನ್ನೇ ಪಾಸ್ ಮಾಡ್ತು. ಏಪ್ರಿಲ್‌ನ ಎರಡನೇ ಶನಿವಾರ ಆದ ಮರುದಿನ ಭಾನುವಾರ ಈಸ್ಟರ್ ಅಂತ. ತಮಾಷೆ ಏನು ಗೊತ್ತಾ? ಆ ಕಾಯ್ದೆ ಇವತ್ತಿಗೂ ಜಾರಿಗೆ ಬಂದಿಲ್ಲ. ಚಂದ್ರನೇ ಗೆದ್ದ!

1844: ಆರು ಎಂಜಿನ್ ಎಳೆದ ರೈಲು

ಈಗ ಟ್ರಿಪ್ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಹಬ್ಬದ ದಿನ ದೂರದ ಊರಿಗೆ ಸುತ್ತಾಡೋಕೆ ಹೋಗೋದು ಬಹಳ ಕಾಲ ದುಡ್ಡಿದ್ದವರ ಶೋಕಿ. ಲಂಡನ್ನಿಂದ ಸಮುದ್ರ ತೀರದ ಬ್ರೈಟನ್ ಊರಿಗೆ ಸುಮಾರು 80 ಕಿಲೋಮೀಟರ್. ಕುದುರೆ ಗಾಡೀಲಿ ಹೋಗೋಕೇ ಅರ್ಧ ದಿನ ಬೇಕು. ಒಂದೇ ದಿನ ರಜೆ ಇರೋ ಕೂಲಿಯವನು ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗಿ ಬರೋದು ಹೇಗೆ?

1841ರಲ್ಲಿ ಲಂಡನ್–ಬ್ರೈಟನ್ ರೈಲು ಮಾರ್ಗ ಶುರುವಾಯ್ತು. 1844ರ ಈಸ್ಟರ್ ಸೋಮವಾರ ರೈಲ್ವೆ ಕಂಪನಿ ಕಡಿಮೆ ದರದ ಒಂದು ಸ್ಪೆಷಲ್ ರೈಲು ಬಿಡ್ತು. ಬೆಳಗ್ಗೆ ಲಂಡನ್ ಬ್ರಿಜ್ ಸ್ಟೇಷನ್ನಲ್ಲಿ ಜನವೋ ಜನ. ನಾಲ್ಕು ಎಂಜಿನ್ ಹಾಕಿ ಹೊರಡಿಸಿದ್ರು. ದಾರಿಯಲ್ಲಿ ಇನ್ನೂ ಬೋಗಿ ಸೇರಿಸಬೇಕಾಯ್ತು, ಅದಕ್ಕೆ ಇನ್ನೂ ಎಂಜಿನ್ ಬೇಕಾಯ್ತು. ಕೊನೆಗೆ ಆರು ಎಂಜಿನ್, ಐವತ್ತಕ್ಕೂ ಹೆಚ್ಚು ಬೋಗಿಗಳ ಆ ರೈಲು ಏದುಸಿರು ಬಿಡ್ತಾ ಮಧ್ಯಾಹ್ನದ ಹೊತ್ತಿಗೆ ಬ್ರೈಟನ್ ಮುಟ್ತು. ಸ್ಪೀಡ್ ನೋಡಿದ್ರೆ ಕುದುರೆ ಗಾಡಿಗಿಂತ ಅಂಥ ವ್ಯತ್ಯಾಸ ಏನಿರಲಿಲ್ಲ. ಆದ್ರೆ ಒಂದೇ ಸಲಕ್ಕೆ ಸಾವಿರಾರು ಜನ, ಅದೂ ಸಾಮಾನ್ಯ ಜನ, ಸಮುದ್ರ ನೋಡಿದ್ರು.

ಅದೇ ವರ್ಷ ಬಂದ ರೈಲ್ವೆ ಕಾಯ್ದೆ ಇನ್ನೊಂದು ಬಾಗಿಲು ತೆಗೀತು. ಮೂರನೇ ದರ್ಜೆಯವರಿಗೂ ದಿನಕ್ಕೊಂದು ರೈಲು ಇರಲೇಬೇಕು, ಕೂರೋಕೆ ಸೀಟು, ಮಳೆಗಾಳಿಯಿಂದ ರಕ್ಷಣೆ ಇರಬೇಕು, ಟಿಕೆಟ್ ದರ ಮೈಲಿಗೆ ಒಂದು ಪೆನ್ನಿ ದಾಟಬಾರದು. ಬ್ರೈಟನ್‌ನಲ್ಲಿ ರಾಜಮನೆತನದ ಅರಮನೆ ಇತ್ತು. ವಿಕ್ಟೋರಿಯಾ ರಾಣಿಗೆ ಅಲ್ಲಿನ ಜನಜಂಗುಳಿ ಇಷ್ಟ ಆಗಲಿಲ್ಲ. 1850ರಲ್ಲಿ ಆ ಅರಮನೆ ಊರಿನ ಆಡಳಿತಕ್ಕೆ ಮಾರಾಟ ಆಯ್ತು. ರಾಣಿ ಹೋದ್ಳು, ಜನ ಬಂದ್ರು!

ರಜೆ ತಂದ ಬ್ಯಾಂಕರ್

ರೈಲೇನೋ ಬಂತು, ರಜೆ? ಅಲ್ಲೇ ಇದ್ದದ್ದು ಕಷ್ಟ. ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದು ಕಾಲದಲ್ಲಿ ಸಂತರ ಹೆಸರಲ್ಲಿ ವರ್ಷಕ್ಕೆ 30ಕ್ಕೂ ಹೆಚ್ಚು ದಿನ ಬಾಗಿಲು ಹಾಕ್ತಿತ್ತು. 1834ರಲ್ಲಿ ಅದನ್ನ ಬರೀ ನಾಲ್ಕಕ್ಕೆ ಇಳಿಸಿದ್ರು. ಕಾರ್ಖಾನೆ ಯುಗದಲ್ಲಿ ರಜೆ ಅಂದ್ರೆ ನಷ್ಟ ಅನ್ನೋ ಲೆಕ್ಕ.

ಇಲ್ಲಿ ಎಂಟ್ರಿ ಕೊಡ್ತಾರೆ ಜಾನ್ ಲಬಕ್. ಹೆಸರು ಕೇಳಿಲ್ವಾ? ಆದ್ರೆ ಅವರ ಒಂದು ಪದ ನಿಮಗೆ ಹೈಸ್ಕೂಲಿಂದಲೇ ಗೊತ್ತು. ನವಶಿಲಾಯುಗ ಅಂತ ಓದಿದ್ದೀವಲ್ಲ, ಬ್ರಹ್ಮಗಿರಿ, ಸಂಗನಕಲ್ಲು ಪಾಠದಲ್ಲಿ? ಅದರ ಮೂಲ ಇಂಗ್ಲಿಷ್ ಪದ ನಿಯೋಲಿಥಿಕ್. ಅದನ್ನ 1865ರಲ್ಲಿ ತಮ್ಮ ಪುಸ್ತಕದಲ್ಲಿ ಬಳಕೆಗೆ ತಂದವರು ಇದೇ ಲಬಕ್. ವೃತ್ತಿಯಲ್ಲಿ ಬ್ಯಾಂಕರ್, ಹವ್ಯಾಸಕ್ಕೆ ಇರುವೆ–ಜೇನುನೊಣಗಳ ಅಧ್ಯಯನ, ಊರಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ನೆರೆಮನೆ. 1870ರಲ್ಲಿ ಎಂಪಿ ಆದರು. 1871ರಲ್ಲಿ ಬ್ಯಾಂಕ್ ಹಾಲಿಡೇಸ್ ಕಾಯ್ದೆ ತಂದರು.

ಗುಡ್ ಫ್ರೈಡೇ ಮತ್ತು ಕ್ರಿಸ್‌ಮಸ್ ಮೊದಲಿಂದಲೂ ರಜೆ ಇದ್ವು. ಇಂಗ್ಲೆಂಡಿನಲ್ಲಿ ಈ ಕಾಯ್ದೆ ಇನ್ನೂ ನಾಲ್ಕು ದಿನ ಸೇರಿಸ್ತು. ಅವುಗಳಲ್ಲಿ ಒಂದು ಈಸ್ಟರ್ ಸೋಮವಾರ. ಶುಕ್ರವಾರ ರಜೆ, ಭಾನುವಾರ ಹೇಗೂ ರಜೆ, ಸೋಮವಾರವೂ ರಜೆ. ನಾವು ಲಾಂಗ್ ವೀಕೆಂಡ್ ಅಂತ ಕರಿಯೋದಕ್ಕೆ ಕಾನೂನಿನ ಮುದ್ರೆ ಬಿದ್ದದ್ದು ಹೀಗೆ.

ಬರೀ ಬ್ಯಾಂಕ್ ಮುಚ್ಚಿದ್ರೆ ಊರಿಗೆಲ್ಲ ರಜೆ ಹೇಗಾಯ್ತು ಅಂತೀರಾ? ಕಾಮರ್ಸ್ ಓದಿದವರು ಸ್ವಲ್ಪ ನೆಟ್ಟಗೆ ಕೂತ್ಕೊಳಿ. ಆಗಿನ ವ್ಯಾಪಾರ ನಡೀತಿದ್ದದ್ದು ಸಾಲದ ಹುಂಡಿಗಳ ಮೇಲೆ. ಇಂಥ ದಿನ ಇಷ್ಟು ದುಡ್ಡು ಕೊಡ್ತೀನಿ ಅಂತ ಬರೆದುಕೊಟ್ಟ ಮೇಲೆ ಆ ದಿನ ಕೊಡಲೇಬೇಕು, ಇಲ್ಲಾಂದ್ರೆ ಮಾರ್ಕೆಟ್ಟಲ್ಲಿ ಮರ್ಯಾದೆ ಹೋಯ್ತು. ಲಬಕ್ ಮಾಡಿದ ಜಾಣತನ ಇದು: ಬ್ಯಾಂಕ್ ರಜೆ ದಿನ ಬಾಕಿ ಬಿದ್ದ ಹುಂಡಿಗೆ ಮರುದಿನ ದುಡ್ಡು ಕೊಟ್ರೆ ಸಾಕು, ಆವತ್ತು ಯಾರನ್ನೂ ಪಾವತಿ ಮಾಡು ಅಂತ ಒತ್ತಾಯಿಸೋ ಹಾಗಿಲ್ಲ. ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ ಅಂದ್ಮೇಲೆ ಆಫೀಸು ತೆಗೆದು ಏನು ಮಾಡ್ತಾರೆ? ಒಬ್ಬೊಬ್ಬರೇ ರಜೆ ಹಾಕಿದ್ರೆ ನಷ್ಟ, ಎಲ್ಲರೂ ಒಟ್ಟಿಗೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ಜನ ಖುಷಿಗೆ ಈ ದಿನಗಳನ್ನ "ಸಂತ ಲಬಕ್ ಹಬ್ಬ" ಅಂತಲೇ ಕರೆದ್ರು.

ಫ್ಯಾಮಿಲಿ ಟ್ರಿಪ್‌ಗೆ ಬೇಕಾದದ್ದು ಇದೇ ಅಲ್ವಾ? ಜಾಗ ಯಾವುದಾದ್ರೂ ಆಗುತ್ತೆ. ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲರಿಗೂ ಒಂದೇ ದಿನ ಬಿಡುವು ಸಿಗೋದೇ ಕಷ್ಟ.

ನಾನು ಪರೀಕ್ಷೆಯಲ್ಲಿ ಬರೆದ 25ನೇ ಸೆಕ್ಷನ್

ಭಾರತದ ಕಥೆ ಇದಕ್ಕೆ ಅಂಟಿಕೊಂಡೇ ಇದೆ. 1881ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ತಂತು. ಚೆಕ್ ಬೌನ್ಸ್ ಕೇಸ್ ಅಂತೀವಲ್ಲ, ಅದೇ ಕಾಯ್ದೆ. ಅದರ 25ನೇ ಸೆಕ್ಷನ್ನಿನಲ್ಲಿ ಸಾರ್ವಜನಿಕ ರಜೆ ಅಂದ್ರೆ ಏನು ಅನ್ನೋ ವಿವರಣೆ ಇದೆ. ಮೊದಲ ಪಟ್ಟಿಯಲ್ಲಿ ಭಾನುವಾರ, ಹೊಸ ವರ್ಷ, ಕ್ರಿಸ್‌ಮಸ್ ಜೊತೆ ಗುಡ್ ಫ್ರೈಡೇನೂ ಇತ್ತು. ಇವತ್ತಿಗೂ ರಿಸರ್ವ್ ಬ್ಯಾಂಕಿನ ರಜಾ ಪಟ್ಟಿ ತೆಗೆದು ನೋಡಿ, ರಜೆಗಳು ಈ ಕಾಯ್ದೆಯ ಹೆಸರಿನಡಿಯೇ ಇರುತ್ತವೆ.

ಒಂದು ವ್ಯತ್ಯಾಸ ಇದೆ. ಇಲ್ಲಿ ಹುಂಡಿಯ ಗಡುವು ರಜೆ ದಿನ ಬಿದ್ರೆ ಹಿಂದಿನ ದಿನವೇ ದುಡ್ಡು ಕೊಡಬೇಕು. ಲಬಕ್ ರಜೆಗೆ ಮರುದಿನ, ನಮ್ಮ ರಜೆಗೆ ಹಿಂದಿನ ದಿನ. ಬಿ.ಕಾಂ. ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ದೆ. ನಮ್ಮನೆ ಊಟದ ಟೇಬಲ್ಲಿನ ಖಾಲಿ ಕುರ್ಚಿಗೂ ಇದಕ್ಕೂ ಸಂಬಂಧ ಇದೆ ಅಂತ ಆಗ ಹೊಳೀಲೇ ಇಲ್ಲ.

ಯಾಕಂದ್ರೆ ಆ ಪಟ್ಟಿಯಲ್ಲಿ ಭಾನುವಾರ ಇದ್ರೂ ಅದು ಹುಂಡಿ–ಚೆಕ್ಕಿನ ಭಾನುವಾರ. ಮುಂಬೈನ ಗಿರಣಿ ಕೆಲಸಗಾರರಿಗೆ ವಾರದ ರಜೆ ಸಿಗೋಕೆ ಇನ್ನೂ ಒಂಬತ್ತು ವರ್ಷ ಬೇಕಾಯ್ತು. ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳತ್ವದಲ್ಲಿ ಹೋರಾಟ ಮಾಡಿದ ಮೇಲೆ, 1890ರ ಜೂನ್‌ನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿಕೊಂಡ್ರು. ಕಾಗದಕ್ಕೆ ಮೊದಲು ರಜೆ ಸಿಕ್ತು, ಮನುಷ್ಯರಿಗೆ ಆಮೇಲೆ.

ರಜೆ ದಿನ ಕೆಲಸ ಮಾಡಿದವರು

ಎಲ್ಲರಿಗೂ ಒಟ್ಟಿಗೆ ರಜೆ ಅಂದ ತಕ್ಷಣ ಇನ್ನೊಂದು ತೊಂದ್ರೆ. ಅವರನ್ನ ಕರ್ಕೊಂಡು ಹೋಗೋರು ಯಾರು? ಟೀ ಮಾಡೋರು ಯಾರು? ಟಿಕೆಟ್ ಹರಿಯೋರು ಯಾರು?

1892ರ ಈಸ್ಟರ್ ಸೋಮವಾರ. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಅನ್ನೋ ದೊಡ್ಡ ಬಯಲಿಗೆ ಸಾವಿರಾರು ಜನ ಬಂದಿದ್ರು. ದೂರ ಹೋಗೋಕೆ ದುಡ್ಡಿಲ್ಲದ ಕುಟುಂಬಗಳಿಗೆ ಅದೇ ಟ್ರಿಪ್. ಸಂಜೆ ಮಳೆ ಶುರುವಾಯ್ತು. ಎಲ್ಲರೂ ಒಮ್ಮೆಲೇ ರೈಲ್ವೆ ಸ್ಟೇಷನ್ನಿಗೆ ನುಗ್ಗಿದ್ರು. ಮೆಟ್ಟಿಲ ಮೇಲೆ ನೂಕುನುಗ್ಗಲು ಆಗಿ 8 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಲಕ್ಷಾಂತರ ಜನಕ್ಕೆ ಒಂದೇ ದಿನ ಬಿಡುವು ಕೊಟ್ಟಾಯ್ತು, ಅವರು ವಾಪಸ್ ಬರೋ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಅಗಲ ಇತ್ತು. ರಜೆ ದಿನ ನಂದಿಬೆಟ್ಟದ ದಾರಿಯಲ್ಲಿ ಗಂಟೆಗಟ್ಟಲೆ ನಿಂತವರಿಗೆ ಇದು ಹಳೇ ಕಾಲದ ಕಥೆ ಅನ್ನಿಸಲ್ಲ.

ಬ್ಯಾಂಕು ಮುಚ್ಚಿದ್ರೂ ಅಂಗಡಿ ಹುಡುಗರ ದುಡಿಮೆ ಕಮ್ಮಿ ಆಗಿಲ್ಲ ಅನ್ನೋದು ಲಬಕ್‌ಗೂ ಗೊತ್ತಿತ್ತು. ಅವರು ಮುಂದೆ ಅದಕ್ಕೂ ಹೋರಾಡಿದ್ರು. 1886ರಲ್ಲಿ ಬಂದ ಕಾಯ್ದೆ 18 ವರ್ಷದೊಳಗಿನವರನ್ನ ಅಂಗಡಿಯಲ್ಲಿ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತು. ಹೌದು, ಎಪ್ಪತ್ನಾಲ್ಕು! ಅದೇ ದೊಡ್ಡ ಸುಧಾರಣೆ ಅನ್ನಿಸಿಕೊಂಡ್ತು ಅಂದ್ರೆ ಅದಕ್ಕೂ ಮೊದಲು ಹೇಗಿತ್ತು ಯೋಚಿಸಿ.

ನಮ್ಮ ಕಾಲಕ್ಕೆ ಬನ್ನಿ. ನಮ್ಮ ಬ್ಯಾಂಕುಗಳಿಗೆ ಶನಿವಾರ ರಜೆ ಇರೋದು ಎರಡನೇ ಮತ್ತು ನಾಲ್ಕನೇ ವಾರ ಮಾತ್ರ. 2024, 2025, 2026 ಮೂರೂ ವರ್ಷ ಗುಡ್ ಫ್ರೈಡೇ ಮರುದಿನದ ಶನಿವಾರ ಐದನೆಯದೋ ಮೂರನೆಯದೋ ಮೊದಲನೆಯದೋ ಆಗಿತ್ತು. ಅಂದ್ರೆ ಲಾಂಗ್ ವೀಕೆಂಡ್ ಇಲ್ಲ. 2024ರಲ್ಲಂತೂ ಈಸ್ಟರ್ ಭಾನುವಾರವೇ ಮಾರ್ಚ್ 31, ಹಣಕಾಸು ವರ್ಷದ ಕೊನೇ ದಿನ. ಸರ್ಕಾರಿ ಲೆಕ್ಕಪತ್ರ ನೋಡೋ ಬ್ಯಾಂಕ್ ಶಾಖೆಗಳು ಆವತ್ತು ತೆರೆದಿರಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಕೊಟ್ಟಿತ್ತು. ಬ್ಯಾಂಕ್ ಹಾಲಿಡೇಸ್ ಕಾಯ್ದೆಯಲ್ಲಿ ಜಾಗ ಪಡೆದ ಹಬ್ಬದಲ್ಲೇ ಬ್ಯಾಂಕಿನವರು ಕೌಂಟರ್ ಹಿಂದೆ ಕೂತಿದ್ರು.

ಕ್ರೈಸ್ತರಿಗೆ ಗುಡ್ ಫ್ರೈಡೇ ಸಂಭ್ರಮದ ದಿನ ಅಲ್ಲ, ಉಪವಾಸ ಮತ್ತು ಪ್ರಾರ್ಥನೆಯ ದಿನ ಅನ್ನೋದನ್ನೂ ನೆನಪಿಟ್ಟುಕೊಳ್ಳೋಣ. ಅವರ ಮನೆಯ ಹಬ್ಬ ಭಾನುವಾರ. ಅಪ್ಪನ ಬಸ್ಸಿನಲ್ಲಿ ಗುರುವಾರ ರಾತ್ರಿ ಹೋಗ್ತಿದ್ದ ಕುಟುಂಬಗಳಿಗೆ ಆ ಮೂರು ದಿನ ಊರು, ಚರ್ಚು, ಅಜ್ಜ–ಅಜ್ಜಿ.

ಕೊನೆಗೆ ನಾವು ಹೋದದ್ದೆಲ್ಲಿಗೆ?

ಮಡಿಕೇರಿಗೂ ಅಲ್ಲ, ಗೋಕರ್ಣಕ್ಕೂ ಅಲ್ಲ. ಮಂಗಳೂರಿಗೆ. ಅಪ್ಪನೇ ಹೇಳಿದ್ದು. "ಅಷ್ಟು ವರ್ಷ ಹೋಗಿದೀನಿ, ಸಮುದ್ರ ನೋಡಿಲ್ಲ. ಬಸ್ ನಿಲ್ಲಿಸಿ ಮಲ್ಕೋತಿದ್ದೆ, ಎದ್ದು ವಾಪಸ್ ಹೊರಡ್ತಿದ್ದೆ." ಕಾರ್ ಮಾಡೋಣ ಅಂದ್ವಿ. ಬೇಡ, ಬಸ್ಸಲ್ಲೇ ಹೋಗೋಣ ಅಂದ್ರು.

ಶುಕ್ರವಾರ ಬೆಳಗ್ಗೆ ಹೊರಟ್ವಿ. ಅಪ್ಪ ಕಿಟಕಿ ಪಕ್ಕ ಕೂತು ಶಿರಾಡಿ ಘಾಟಿಯ ಪ್ರತಿ ತಿರುವಿಗೂ ಬಲಗಾಲು ಒತ್ತುತ್ತಿದ್ರು. ಅಲ್ಲಿ ಬ್ರೇಕ್ ಇಲ್ಲ ಅಪ್ಪಾ ಅಂದ್ರೆ ಅಮ್ಮ ನಕ್ಕಿದ್ದೇ ನಕ್ಕಿದ್ದು. ಸಂಜೆ ಪಣಂಬೂರು ಬೀಚಲ್ಲಿ ಪ್ಯಾಂಟ್ ಮಡಿಚಿ ನೀರಿಗಿಳಿದು ಸುಮಾರು ಹೊತ್ತು ಸುಮ್ಮನೆ ನಿಂತಿದ್ರು.

ವಾಪಸ್ ಬರೋವಾಗ ಸಕಲೇಶಪುರದ ಹತ್ರ ಬಸ್ ಊಟಕ್ಕೆ ನಿಲ್ತು. ನಾವೆಲ್ಲ ಟೇಬಲ್ ಹಿಡಿಯೋ ಗಡಿಬಿಡಿಯಲ್ಲಿದ್ರೆ ಅಪ್ಪ ಕಾಣಿಸ್ತಿಲ್ಲ. ನೋಡಿದ್ರೆ ಬಸ್ಸಿನ ಹತ್ರ ಡ್ರೈವರ್ ಜೊತೆ ನಿಂತು ಟೀ ಕುಡೀತಿದ್ದಾರೆ. "ಮನೇಲಿ ಮಕ್ಕಳೆಷ್ಟು? ಎಷ್ಟು ದಿನದಿಂದ ಡ್ಯೂಟಿ?" ಅಂತ ಕೇಳ್ತಿದ್ರು. ಅವರಿಗೆ ಏಳು ವರ್ಷದ ಮಗಳಂತೆ. ಹಬ್ಬದ ರಶ್ ಮುಗಿದ ಮೇಲೆ ವೀಕ್ಲಿ ಆಫ್ ಅಂತೆ.

ಮುಂದಿನ ಲಾಂಗ್ ವೀಕೆಂಡ್‌ಗೆ ನೀವೂ ಎಲ್ಲಿಗೋ ಹೊರಟಿರ್ತೀರಿ. ಹೋಗಿ, ಖುಷಿಯಾಗಿ ಹೋಗಿ ಬನ್ನಿ. ನಿಮಗೆ ಆ ದಿನ ಸಿಗೋಕೆ ಎಷ್ಟೋ ಜನ ಕಾದಿದ್ದಾರೆ, ಹೋರಾಡಿದ್ದಾರೆ. ಇನ್ನೂ ಸಿಗದೇ ಇರೋರೇ ನಿಮ್ಮ ಬಸ್ ಓಡಿಸ್ತಿರ್ತಾರೆ. ಇಳಿಯೋವಾಗ ಅವರಿಗೊಂದು ಥ್ಯಾಂಕ್ಸ್ ಹೇಳಿ. ನಿಮ್ಮನೇಲೂ ರಜೆ ದಿನ ಡ್ಯೂಟಿಗೆ ಹೋಗೋರು ಇದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ.