ಅತಂತ್ರ ಆದ್ರೆ ನಮ್ಗೇನಾಗುತ್ತಣ್ಣ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ.

2024ರ ಜೂನ್ 4, ಲೋಕಸಭೆ ಎಣಿಕೆಯ ದಿನ. ಸವಳಂಗ ರಸ್ತೆಯಲ್ಲಿ ನವುಲೆ ಕಡೆ ಒಂದು ಟೀ ಅಂಗಡಿ ಮುಂದೆ ನಿಂತಿದ್ದೆ. ಎಲ್ಲರ ಕೈಯಲ್ಲೂ ಮೊಬೈಲ್. ಶಿವಮೊಗ್ಗ ಕ್ಷೇತ್ರದ ಬಗ್ಗೆ ಯಾರಿಗೂ ಕುತೂಹಲ ಉಳಿದಿರಲಿಲ್ಲ. ಬಿ.ವೈ. ರಾಘವೇಂದ್ರ ಮುಂದೆ ಹೋಗ್ತಾನೇ ಇದ್ರು, ಕೊನೆಗೆ 2.4 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ರು. ಎಲ್ಲರ ಕಣ್ಣು ದಿಲ್ಲಿ ಲೆಕ್ಕದ ಮೇಲಿತ್ತು. ಸರ್ಕಾರ ಮಾಡೋಕೆ 272 ಬೇಕು. ಬಿಜೆಪಿ 240ಕ್ಕೆ ನಿಂತಿತು. ಕಾಂಗ್ರೆಸ್ 99. ಯಾವ ಪಕ್ಷಕ್ಕೂ ಬಹುಮತ ಇಲ್ಲ.

"ಮುಗೀತು ಬಿಡ್ರೀ, ಅತಂತ್ರ. ಇನ್ನು ದೇಶ ಹತ್ತು ವರ್ಷ ಹಿಂದಕ್ಕೆ" ಅಂದ್ರು ಒಬ್ರು ಯಜಮಾನ್ರು. ಪಕ್ಕದಲ್ಲಿ ಪೊರಕೆ ಒರಗಿಸಿ ಟೀ ಕುಡೀತಿದ್ದ ಪೌರಕಾರ್ಮಿಕ ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು: "ಅತಂತ್ರ ಆದ್ರೆ ನಮ್ಗೇನಾಗುತ್ತಣ್ಣ?"

ಅವತ್ತು ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ. ಏನೋ ಒಂದು ಹೇಳಿ ಬಂದೆ. ಆಮೇಲೆ ಕೂತು ಹಳೆಯದನ್ನೆಲ್ಲ ತಿರುವಿ ಹಾಕಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಬಾಬಾಸಾಹೇಬರಿಂದಲೇ ಶುರು ಮಾಡೋಣ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಂವಿಧಾನ ಸಭೆಯ ಮುಂದೆ ಇಡುವಾಗ ಅವರು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದರು. ಸರ್ಕಾರಕ್ಕೆ ಎರಡು ಗುಣ ಬೇಕು: ಒಂದು ಸ್ಥಿರತೆ, ಇನ್ನೊಂದು ಹೊಣೆಗಾರಿಕೆ. ಎರಡೂ ಸಮ ಪ್ರಮಾಣದಲ್ಲಿ ಸಿಗುವ ವ್ಯವಸ್ಥೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅಮೆರಿಕದ ಅಧ್ಯಕ್ಷ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಜಾಸ್ತಿ. ನಮ್ಮ ಕರಡು ಹೊಣೆಗಾರಿಕೆಯನ್ನೇ ಆರಿಸಿಕೊಂಡಿದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅಂದ್ರೆ ಸರ್ಕಾರ ದಿನಾ ಸದನಕ್ಕೆ ಉತ್ತರ ಕೊಡ್ತಾ ಇರಬೇಕು. ಅಲುಗಾಡದ ಕುರ್ಚಿ ನಮ್ಮ ಸಂವಿಧಾನದ ಮೊದಲ ಆಸೆ ಅಲ್ಲವೇ ಅಲ್ಲ.

ಈಗ 1989ಕ್ಕೆ ಬನ್ನಿ. ಆ ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 197, ಜನತಾದಳ 143, ಬಿಜೆಪಿ 85. ಡಿಸೆಂಬರ್ 2ರಂದು ವಿ.ಪಿ. ಸಿಂಗ್ ಪ್ರಧಾನಿಯಾದರು. ಒಂದು ಕಡೆ ಎಡಪಕ್ಷಗಳು, ಇನ್ನೊಂದು ಕಡೆ ಬಿಜೆಪಿ ಹೊರಗಿನಿಂದ ಹೆಗಲು ಕೊಟ್ಟಿದ್ದವು. ಬಾಳಿದ್ದು ಬರೀ ಹನ್ನೊಂದು ತಿಂಗಳು. ಆದರೆ ಆ ಹನ್ನೊಂದು ತಿಂಗಳಲ್ಲಿ ಏನೇನಾಯ್ತು ನೋಡಿ.

1990ರ ಏಪ್ರಿಲ್‌ನಲ್ಲಿ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಬಾಬಾಸಾಹೇಬರ ಭಾವಚಿತ್ರ ಬಂತು. ಸಂವಿಧಾನ ರೂಪುಗೊಂಡ ಜಾಗದಲ್ಲಿ ಅದನ್ನು ಬರೆದವರ ಪಟ ಹಾಕೋಕೆ ಅಷ್ಟು ವರ್ಷ ಬೇಕಾಯ್ತು. ಅದೇ ವರ್ಷ, ಅವರು ತೀರಿಕೊಂಡ 34 ವರ್ಷದ ನಂತರ, ಭಾರತ ರತ್ನ. ಬೌದ್ಧ ಧರ್ಮಕ್ಕೆ ಹೋದ ದಲಿತರಿಗೂ ಪರಿಶಿಷ್ಟ ಜಾತಿ ಮೀಸಲಾತಿ ಸಿಕ್ಕಿದ್ದು 1990ರಲ್ಲೇ. ಎಸ್‌ಸಿ ಎಸ್‌ಟಿ ಆಯೋಗಕ್ಕೆ ಹೆಚ್ಚಿನ ಬಲ ಕೊಟ್ಟ 65ನೇ ತಿದ್ದುಪಡಿಯೂ ಆ ವರ್ಷದ್ದೇ. ಆಗಸ್ಟ್‌ನಲ್ಲಿ ಮಂಡಲ್ ವರದಿಯಂತೆ ಹಿಂದುಳಿದವರಿಗೆ ಶೇ. 27 ಮೀಸಲಾತಿ ಘೋಷಣೆ. ಅದರ ಬೆನ್ನಲ್ಲೇ ರಥಯಾತ್ರೆ, ಬೆಂಬಲ ವಾಪಸ್. ನವೆಂಬರ್ 7ರಂದು ಸದನದಲ್ಲಿ ಪರವಾಗಿ 142, ವಿರುದ್ಧ 346. ಸರ್ಕಾರ ಬಿತ್ತು. ಮಂಡಲ್ ಬೀಳಲಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ದೌರ್ಜನ್ಯ ತಡೆ ಕಾಯ್ದೆ ಪಾಸಾಗಿದ್ದು 1989ರ ಸೆಪ್ಟೆಂಬರ್‌ನಲ್ಲಿ, 400 ದಾಟಿದ್ದ ರಾಜೀವ್ ಗಾಂಧಿ ಸರ್ಕಾರದಲ್ಲಿ. ಜಾರಿಗೆ ಬಂದಿದ್ದು ವಿ.ಪಿ. ಸಿಂಗ್ ಕಾಲದಲ್ಲಿ, 1990ರ ಜನವರಿ 30ಕ್ಕೆ. ಹಾಗಾಗಿ ಬಹುಮತ ಅಂದ್ರೆ ಕೆಟ್ಟದ್ದು, ಅತಂತ್ರ ಅಂದ್ರೆ ಒಳ್ಳೇದು ಅಂತ ಸುಲಭದ ಲೆಕ್ಕ ನಾನು ಹಾಕ್ತಿಲ್ಲ. ಇನ್ನೊಂದು ತಮಾಷೆ ಗೊತ್ತಾ? ಆ ಚುನಾವಣೆಯಲ್ಲಿ ನಮ್ಮ ಕರ್ನಾಟಕ 28ರಲ್ಲಿ 27 ಸೀಟು ಕಾಂಗ್ರೆಸ್‌ಗೇ ಕೊಟ್ಟಿತ್ತು. ವಿ.ಪಿ. ಸಿಂಗ್ ಸರ್ಕಾರ ಕೊಟ್ಟಿದ್ದನ್ನು ನಾವು ಉಂಡಿದ್ದೀವಿ, ಅದಕ್ಕೆ ವೋಟು ಹಾಕಿದ್ದು ಬೇರೆ ರಾಜ್ಯದವರು.

1996ರಲ್ಲಿ ಮತ್ತೆ ಅತಂತ್ರ. ಬಿಜೆಪಿ 161, ಕಾಂಗ್ರೆಸ್ 140. ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಮುಗೀತು. ಜೂನ್ 1ಕ್ಕೆ ದೇವೇಗೌಡರು ಪ್ರಧಾನಿ. ಬರೀ 46 ಸೀಟಿನ ಜನತಾದಳ, ಅದರಲ್ಲಿ 16 ಕರ್ನಾಟಕದ್ದು. ಅದೇ ಹೊತ್ತಿಗೆ ಚನ್ನಗಿರಿಯ ಜೆ.ಹೆಚ್. ಪಟೇಲರು ಮುಖ್ಯಮಂತ್ರಿ. ನಮ್ಮ ಶಿವಮೊಗ್ಗ ಮಾತ್ರ ಬಂಗಾರಪ್ಪನವರ ಕೆಸಿಪಿಯನ್ನು ಗೆಲ್ಲಿಸಿ ಕಳಿಸಿತ್ತು. ಹತ್ತೇ ತಿಂಗಳಿಗೆ ಕಾಂಗ್ರೆಸ್ ಬೆಂಬಲ ಹಿಂತೆಗೀತು, ಗೌಡರು ಇಳಿದ್ರು, ಗುಜ್ರಾಲ್ ಬಂದ್ರು. ಆ ಅಲುಗಾಟದ ನಡುವೆಯೇ, 1997ರ ಜುಲೈನಲ್ಲಿ, ಕೇರಳದ ದಲಿತ ಕುಟುಂಬದ ಕೆ.ಆರ್. ನಾರಾಯಣನ್ ರಾಷ್ಟ್ರಪತಿಯಾದರು.

ನಾರಾಯಣನ್ ಬರೀ ಸಹಿ ಹಾಕೋ ರಾಷ್ಟ್ರಪತಿ ಆಗಿರಲಿಲ್ಲ. 1998ರ ಚುನಾವಣೆಯಲ್ಲಿ ಸಾಮಾನ್ಯ ಪ್ರಜೆಯ ಹಾಗೆ ಹೋಗಿ ಮತ ಹಾಕಿದರು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಹಾಗೆ ಮಾಡಿದ್ದು ಅದೇ ಮೊದಲು. ಫಲಿತಾಂಶ ಮತ್ತೆ ಅತಂತ್ರ ಆದಾಗ, ದೊಡ್ಡ ಗುಂಪು ನಮ್ಮದು ಅಂದವರಿಗೆ "ಬೆಂಬಲದ ಪತ್ರ ತನ್ನಿ" ಅಂದ್ರು. ಕಾಗದ ಕೈಗೆ ಬಂದ ಮೇಲೇ ಸರ್ಕಾರ ರಚನೆಗೆ ಕರೆದಿದ್ದು. 1999ರ ಏಪ್ರಿಲ್ 17ಕ್ಕೆ ಆ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು, 269ಕ್ಕೆ 270. ಅವತ್ತು ಬಿಎಸ್‌ಪಿಯ ಐವರು ಸಂಸದರು ವಿರುದ್ಧ ಮತ ಹಾಕಿದರು. 543 ಜನರ ಸದನದಲ್ಲಿ ಐದು ಮತಕ್ಕೆ ಎಂಥಾ ತೂಕ ಬರುತ್ತೆ ಅಂತ ದೇಶ ನೋಡಿತು.

ಮುಂದೆ ಸಂವಿಧಾನ ಪರಾಮರ್ಶೆ ಆಗಬೇಕು ಅಂತ ವಾಜಪೇಯಿ ಸರ್ಕಾರ ಹೊರಟಾಗ, 2000ದ ಜನವರಿಯಲ್ಲಿ ಅದೇ ಸೆಂಟ್ರಲ್ ಹಾಲ್‌ನಲ್ಲಿ ನಿಂತು ನಾರಾಯಣನ್ ಕೇಳಿದ್ದರು: ಸಂವಿಧಾನ ನಮ್ಮನ್ನು ಸೋಲಿಸಿತಾ, ಅಥವಾ ನಾವೇ ಅದನ್ನು ಸೋಲಿಸಿದೆವಾ?

ಈಗ ನಾಣ್ಯದ ಇನ್ನೊಂದು ಮುಖ. ಅತಂತ್ರ ಅಂದ್ರೆ ಸಂತೆಯೂ ಹೌದು. 1993ರ ಜುಲೈನಲ್ಲಿ ನರಸಿಂಹರಾವ್ ಅವರ ಅಲ್ಪಮತದ ಸರ್ಕಾರ ಅವಿಶ್ವಾಸ ಗೊತ್ತುವಳಿಯಿಂದ ಪಾರಾಗಿದ್ದು ಜಾರ್ಖಂಡ್ ಮುಕ್ತಿ ಮೋರ್ಚಾ ಸಂಸದರ ಮತದಿಂದ. ಅದಕ್ಕೆ ದುಡ್ಡು ಕೊಟ್ಟಿದ್ದು ಆಮೇಲೆ ದೊಡ್ಡ ಕೇಸೇ ಆಯ್ತು. ಆದಿವಾಸಿಗಳ ಹೆಸರಲ್ಲಿ ಗೆದ್ದವರ ಮತ ಅದು. ನಮ್ಮ ರಾಜ್ಯದಲ್ಲಿ 2018ರ ಅತಂತ್ರ ವಿಧಾನಸಭೆ, 2019ರಲ್ಲಿ ಸಾಲು ಸಾಲು ರಾಜೀನಾಮೆ, ರೆಸಾರ್ಟ್ ಯಾತ್ರೆ ಎಲ್ಲ ನೋಡಿದ್ದೀವಿ. ಸಂತೆಯಲ್ಲಿ ಬಡವನ ಮತ ಮಾರಾಟಕ್ಕೆ ಹೋಗುತ್ತೆ, ದುಡ್ಡು ಮಾತ್ರ ಬಡವನ ಮನೆಗೆ ಬರಲ್ಲ.

ಹಾಗಂತ ಬಹುಮತ ನಮ್ಮನ್ನು ಕಾಯ್ತಾ? 2000ದ ಮಾರ್ಚ್ 11, ಕೋಲಾರದ ಕಡೆ ಕಂಬಾಲಪಲ್ಲಿ. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ಬೆಂಗಳೂರಲ್ಲಿದ್ದದ್ದು ಪೂರ್ಣ ಬಹುಮತದ ಸರ್ಕಾರ. ಆರೋಪಿಗಳೆಲ್ಲ ಕೊನೆಗೆ ಬಿಡುಗಡೆಯಾದರು. ಸರ್ಕಾರ ಸ್ಥಿರವಾಗೇ ಇತ್ತು, ಸುಟ್ಟಿದ್ದು ನಮ್ಮ ಗುಡಿಸಲು.

ಮತ್ತೆ 2024ಕ್ಕೆ ಬರ್ತೀನಿ. ಚುನಾವಣೆಗೆ ಮುಂಚೆ ನಮ್ಮ ಪಕ್ಕದ ಉತ್ತರ ಕನ್ನಡದ ಆಗಿನ ಸಂಸದ ಅನಂತಕುಮಾರ ಹೆಗಡೆ, ಸಂವಿಧಾನ ತಿದ್ದೋಕೆ 400 ಸೀಟು ಬೇಕು ಅನ್ನೋ ಅರ್ಥದ ಮಾತಾಡಿದ್ರು. ಅದು ಅವರ ವೈಯಕ್ತಿಕ ಅಭಿಪ್ರಾಯ ಅಂತ ಪಕ್ಷ ಕೈತೊಳ್ಕೊಂಡಿತು, ಟಿಕೆಟ್ಟೂ ಕೊಡಲಿಲ್ಲ. ಆದ್ರೆ ಮಾತು ಕೇರಿ ಕೇರಿಗೆ ಮುಟ್ಟಿತ್ತು. ಆ ಚುನಾವಣೆ ಪೂರ್ತಿ ಕೆಂಪು ಹೊದಿಕೆಯ ಸಂವಿಧಾನದ ಪುಸ್ತಕ ವೇದಿಕೆ ಮೇಲೆ ಕಾಣಿಸಿಕೊಳ್ತಾನೇ ಇತ್ತು.

ಫಲಿತಾಂಶ ಬಂದು ಎರಡೂವರೆ ತಿಂಗಳಿಗೆ, ಆಗಸ್ಟ್ 17ರಂದು, ಕೇಂದ್ರದ 45 ದೊಡ್ಡ ಹುದ್ದೆಗಳಿಗೆ ನೇರ ನೇಮಕಾತಿಯ ಜಾಹೀರಾತು ಬಂತು. ಮೀಸಲಾತಿ ಇಲ್ಲ. ಇಂಥ ನೇಮಕಾತಿ 2018ರಿಂದಲೂ ನಡೆದಿತ್ತು, ಆಗ ಕೂಗಿದ್ರೂ ಕೇಳೋರಿರಲಿಲ್ಲ. ಈ ಸಲ ವಿರೋಧ ಪಕ್ಷದ ಜೊತೆ ಸರ್ಕಾರದ ಒಳಗಿದ್ದ ಚಿರಾಗ್ ಪಾಸ್ವಾನ್ ಕೂಡ ಬೇಡ ಅಂದ್ರು. ಮೂರೇ ದಿನಕ್ಕೆ ಜಾಹೀರಾತು ವಾಪಸ್. ಅಕ್ಕಾ, 240 ಅಂದ್ರೆ ಇದು.

ಭದ್ರಾವತಿಯವರಿಗೂ ಇದರ ಬಿಸಿ ತಟ್ಟಿದೆ. ವಿಐಎಸ್‌ಎಲ್ ಮುಚ್ಚುತ್ತೆ ಅನ್ನೋ ಸುದ್ದಿಗೆ 2023ರಲ್ಲಿ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತಿದ್ದರು. ಬರೀ ಎರಡು ಸೀಟು ಗೆದ್ದ ಜೆಡಿಎಸ್‌ನ ಕುಮಾರಸ್ವಾಮಿಯವರು 2024ರಲ್ಲಿ ಉಕ್ಕು ಸಚಿವರಾದರು, ಭದ್ರಾವತಿಗೂ ಬಂದು ನೋಡಿ, ಮತ್ತೆ ಜೀವ ಕೊಡ್ತೀವಿ ಅಂದ್ರು. ಎರಡು ಸೀಟಿಗೆ ಸಚಿವ ಸ್ಥಾನ ಸಿಗುತ್ತೆ. ಗುತ್ತಿಗೆಯವನಿಗೆ ಕೆಲಸ ಸಿಗುತ್ತಾ ಅನ್ನೋದು, ಅದನ್ನು ದಿನಾ ಕೇಳ್ತಾ ಇರೋರು ಎಷ್ಟು ಜನ ಇದ್ದಾರೆ ಅನ್ನೋದರ ಮೇಲೆ ನಿಂತಿದೆ.

ನಮ್ಮ ಹಿರಿಯರು ಕೇಳಿದ್ದು ಹಾಗೇನೇ. ಪ್ರೊ. ಬಿ. ಕೃಷ್ಣಪ್ಪನವರು ಅದೇ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಕೈಯಲ್ಲಿ ಒಂದು ಸೀಟೂ ಇರಲಿಲ್ಲ. ಇದೇ ಸವಳಂಗ ರಸ್ತೆ ಹಿಡಿದು ಶಿಕಾರಿಪುರ, ಸೊರಬ ದಾಟಿದ್ರೆ ಚಂದ್ರಗುತ್ತಿ. 1986ರಲ್ಲಿ ಅಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋಗಿ ನಮ್ಮವರು ಏಟು ತಿಂದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಲೇಬೇಕಾಯ್ತು. ಆಗ ವಿಧಾನಸೌಧದಲ್ಲಿ ಇದ್ದದ್ದು ಬಹುಮತದ ಸರ್ಕಾರ. ಬೀದಿಯಲ್ಲಿ ನಾವಿದ್ರೆ ಬಹುಮತವೂ ಕೇಳಿಸಿಕೊಳ್ಳುತ್ತೆ. ನಾವಿಲ್ಲದಿದ್ರೆ ಅತಂತ್ರವೂ ಸಂತೆ ಆಗುತ್ತೆ.

ಆದ್ದರಿಂದ ಅಕ್ಕಾ, ತಡವಾಗಿಯಾದರೂ ನನ್ನ ಉತ್ತರ ಇದು. ದಿಲ್ಲಿ ಸರ್ಕಾರ ಅತಂತ್ರ ಆದ್ರೆ ಬಾಗಿಲು ಸ್ವಲ್ಪ ಸಡಿಲ ಆಗುತ್ತೆ, ಅಷ್ಟೇ. ತಳ್ಳೋದು ನಾವೇ. ಅವತ್ತು ದೇಶ ಹಾಳಾಯ್ತು ಅಂದ ಯಜಮಾನ್ರಿಗೆ ಸರ್ಕಾರದ ಸ್ಥಿರತೆಯ ಚಿಂತೆ ಇತ್ತು. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಅನ್ನೋದು ಅವರ ತಲೆಗೆ ಬಂದಿರಲಿಲ್ಲ. ಮುಂದಿನ ಸಲ ಅವರು ಅತಂತ್ರ ಅಂದ್ರೆ, ನೀವೇ ಕೇಳಿ: ಸ್ವಾಮೀ, ನಾವು ಯಾವತ್ತು ಸ್ವತಂತ್ರವಾಗಿದ್ವಿ?

ಜೈ ಭೀಮ್.