ಮಾಮೋನ

ಸುವಾರ್ತೆಗಳು ನಮಗೆ ಉಳಿದು ಬಂದದ್ದು ಗ್ರೀಕಿನಲ್ಲಿ. ಆದರೂ ಯೇಸು ಹಣದ ಬಗ್ಗೆ ಆಡಿದ ಒಂದು ಅರಾಮಿಕ್ ಪದವನ್ನು ಅವು ಅನುವಾದಿಸದೆ ಹಾಗೆಯೇ ಇಟ್ಟುಕೊಂಡಿವೆ: ಮಾಮೋನ. ಮತ್ತಾಯನಲ್ಲಿ ಒಮ್ಮೆ (6:24), ಲೂಕನ 16ನೇ ಅಧ್ಯಾಯದಲ್ಲಿ 3 ಸಲ. ಅರ್ಥ ಸಂಪತ್ತು, ಆಸ್ತಿ. ಕನ್ನಡ ಬೈಬಲಿನಲ್ಲಿ ಅದು ‘ಧನ’ವಾಯಿತು, ಅರ್ಥ ಕೆಡಲಿಲ್ಲ, ಆದರೆ ಒಂದು ನಂಟು ಕಳಚಿತು. ಮಾಮೋನದ ಮೂಲ ‘ಅ-ಮ-ನ’ ಧಾತು, ಅಂದರೆ ಗಟ್ಟಿಯಾಗಿರು, ನಂಬಿಕೆಗೆ ತಕ್ಕುದಾಗಿರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ‘ಆಮೆನ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಹಾಗಾದರೆ ಮಾಮೋನ ಬರೀ ದುಡ್ಡಲ್ಲ, ನೆಚ್ಚಿ ಕೂತ ದುಡ್ಡು.

ಇದು ತಿಳಿದ ಮೇಲೆ ಭಾನುವಾರದ ಆರಾಧನೆ ನನಗೆ ಮೊದಲಿನಂತಿಲ್ಲ. ಆಮೆನ್ ಹೇಳಿ ಕಣ್ಣು ಬಿಟ್ಟ ಕೂಡಲೇ ಕೈ ಜೇಬಿನ ಮೊಬೈಲಿಗೆ ಹೋಗುತ್ತಿತ್ತು, ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಲು. ಮನೆಸಾಲದ ಕಂತು, ಮಗಳ ಫೀಸು, ಎಲ್ಲ ನಿಜವಾದ ಚಿಂತೆಗಳೇ. ಆದರೆ ಆ ಅಂಕಿ ಕಂಡಾಗ ಎದೆಗಿಳಿಯುತ್ತಿದ್ದ ನೆಮ್ಮದಿ ಪ್ರಾರ್ಥನೆಯಲ್ಲಿ ಬಂದಿರುತ್ತಿರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ದುರಾಸೆಯನ್ನು ವಿಗ್ರಹಾರಾಧನೆ ಎಂದೇ ಕರೆದದ್ದು ಯಾಕೆಂದು ಆಗ ಅರ್ಥವಾಯಿತು. ಈಗ ಚರ್ಚಿಗೆ ಹೊರಡುವಾಗ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.